ಡಬ್ಬಿಯಲ್ಲಿ ನೂಡಲ್ಸ್ ಇದೆ ಅಂತ ತಿನ್ನಲು ಬಿಡದೆ ವಾಪಸ್ ಕಳಿಸಿದರು. ಇದು ಸರಿನಾ?

ಕಾವೇರಿತೀರ (ಮೈಸೂರು)

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ಬೇಜಾರು ಮಾಡಿಕೊಳ್ಳದೆ ಓದಿ.

ಮಗಳು ಎರಡನೇ ಕ್ಲಾಸ್. ಖಾಸಗಿ ಶಾಲೆ, ಹೆಸರು ಬೇಡ. ಶಾಲೆ ಶುರುವಾದಾಗಲೇ ಡೈರಿಯಲ್ಲಿ ಒಂದು ಚೀಟಿ ಅಂಟಿಸಿ ಕಳಿಸಿದ್ದರು. ಡಬ್ಬಿಗೆ ಚಿಪ್ಸ್, ನೂಡಲ್ಸ್, ಬಿಸ್ಕತ್ತು, ಚಾಕೊಲೇಟ್, ಬೇಕರಿ ತಿಂಡಿ ಹಾಕಬೇಡಿ ಅಂತ. ಒಳ್ಳೆಯದೇ ಅಲ್ವಾ ಅಂದುಕೊಂಡು ಸಹಿ ಹಾಕಿದೆ. ಎಲ್ಲರೂ ಹಾಕಿದ್ದಾರೆ.

ಹೋದ ವಾರ ಅವಳ ಪಕ್ಕ ಕೂರುವ ಹುಡುಗ ನೂಡಲ್ಸ್ ತಂದಿದ್ದನಂತೆ. ಮಿಸ್ ಮುಚ್ಚಳ ತೆಗೆದು ನೋಡಿ, ಹಾಗೇ ಮುಚ್ಚಿ, ಮೇಲೆ ಒಂದು ಚೀಟಿ ಅಂಟಿಸಿ ಬ್ಯಾಗಿಗೆ ಹಾಕಿಸಿದ್ದಾರೆ. ಆಫೀಸಿನಿಂದ ಎರಡು ಬಾಳೆಹಣ್ಣು ತರಿಸಿ ಕೊಟ್ಟರಂತೆ, ನಿಜ. ಆದರೆ ಅವನು ಅಳುತ್ತಾ ಕೂತಿದ್ದನಂತೆ, ಹಣ್ಣು ಮುಟ್ಟಿಲ್ಲ. ನನ್ನ ಮಗಳು ತನ್ನ ದೋಸೆಯಲ್ಲಿ ಅರ್ಧ ಮುರಿದು ಕೊಡಲು ಹೋದರೆ ‘ಒಬ್ಬರದು ಒಬ್ಬರು ತಿನ್ನಬಾರದು’ ಅಂತ ಅದನ್ನೂ ತಡೆದಿದ್ದಾರೆ. ಮನೆಗೆ ಬಂದವಳು ಚಪ್ಪಲಿ ಬಿಡುವ ಮೊದಲೇ ಇದನ್ನು ಹೇಳಿದಳು.

ಅವತ್ತು ಸಂಜೆಯಿಂದ ಪೇರೆಂಟ್ಸ್ ವಾಟ್ಸಾಪ್ ಗ್ರೂಪ್ ಕುರುಕ್ಷೇತ್ರ ಆಗಿದೆ. ಅರ್ಧ ಜನ ‘ಮಿಸ್ ಮಾಡಿದ್ದು ಸರಿ, ಸಹಿ ಹಾಕಿದ ಮೇಲೆ ಯಾಕೆ ಕಳಿಸಬೇಕಿತ್ತು’ ಅನ್ನುತ್ತಾರೆ. ಇನ್ನರ್ಧ ‘ನಮ್ಮ ಮಗು, ನಮ್ಮ ಡಬ್ಬಿ, ಕೇಳಲು ನೀವ್ಯಾರು’ ಅನ್ನುತ್ತಾರೆ. ನಡುವೆ ಒಬ್ಬರು ಯಾರೋ ಡಾಕ್ಟರ್ ವಿಡಿಯೋ ಫಾರ್ವರ್ಡ್ ಮಾಡುತ್ತಲೇ ಇದ್ದಾರೆ. ಇಬ್ಬರು ಸಿಟ್ಟಿನಿಂದ ಗ್ರೂಪ್ ಬಿಟ್ಟು ಹೋದರು, ಬೆಳಗ್ಗೆ ಅಡ್ಮಿನ್‌ಗೆ ಫೋನ್ ಮಾಡಿ ಮತ್ತೆ ಸೇರಿಸಿಕೊಂಡರು!

ಮನೆಯಲ್ಲೂ ಇದೇ ಗೋಳು. ನಮ್ಮವರು ‘ವಾರಕ್ಕೊಂದು ಸಲ ತಿಂದರೆ ಏನಾಗುತ್ತದೆ’ ಅನ್ನುವವರು. ಅತ್ತೆಗೆ ಪ್ಯಾಕೆಟ್ ಅಂದರೆ ವಿಷ, ಆದರೆ ದಿನಾ ಸ್ನ್ಯಾಕ್ಸ್ ಡಬ್ಬಿಗೆ ಕೋಡುಬಳೆ, ನಿಪ್ಪಟ್ಟು ತುಂಬುತ್ತಾರೆ. ಅದೂ ಎಣ್ಣೆಯಲ್ಲಿ ಕರಿದದ್ದೇ ತಾನೇ ಅತ್ತೆ ಅಂದರೆ ಎರಡು ದಿನ ಮಾತಿಲ್ಲ.

ಈ ಶನಿವಾರ ಶಾಲೆಯಲ್ಲಿ ಮೀಟಿಂಗ್ ಇದೆ. ಬರೆದು ಕೊಡುವವರು ಬರೆದು ಕೊಡಿ ಅಂದಿದ್ದಾರೆ. ನಿಮ್ಮ ಮಕ್ಕಳ ಶಾಲೆಯಲ್ಲಿ ಹೇಗಿದೆ? ನಿಯಮ ಬೇಕಾ ಬೇಡವಾ? ಬೇಕು ಅಂದರೆ ಎಲ್ಲಿಯವರೆಗೆ?

ತುಮಕೂರಿನ ಅಪ್ಪ

ನಿಯಮ ಬೇಕು. ಎರಡು ಮಾತಿಲ್ಲ.

ನಮ್ಮ ಮಗನ ಶಾಲೆಯಲ್ಲಿ ಮೊದಲು ಯಾವ ನಿಯಮವೂ ಇರಲಿಲ್ಲ. ಆಗ ನಡೆಯುತ್ತಿದ್ದದ್ದು ಏನು ಗೊತ್ತಾ? ನಾವು ಎಷ್ಟೇ ಚೆನ್ನಾಗಿ ಮೆಂತ್ಯ ಚಪಾತಿ, ಪಲ್ಯ ಮಾಡಿ ಕಳಿಸಿದರೂ ಕ್ಲಾಸಿನಲ್ಲಿ ಒಬ್ಬ ಚಿಪ್ಸ್ ಪ್ಯಾಕೆಟ್ ಒಡೆದರೆ ಮುಗೀತು. ಆ ವಾಸನೆಗೇ ಎಲ್ಲ ಅವನ ಸುತ್ತ ಸೇರುತ್ತಾರೆ. ನಮ್ಮ ಡಬ್ಬಿ ಹಾಗೇ ವಾಪಸ್. ಸಂಜೆ ಅದನ್ನು ತೆರೆದರೆ ಹಳಸಿದ ವಾಸನೆ, ಅವರಮ್ಮನ ಮುಖ ನೋಡಲಾಗುತ್ತಿರಲಿಲ್ಲ. ಬೆಳಗ್ಗೆ ಐದೂವರೆಗೆ ಎದ್ದು ಮಾಡಿದ್ದು ಸ್ವಾಮಿ ಅದು. ‘ನಮ್ಮ ಡಬ್ಬಿ ನಮ್ಮಿಷ್ಟ’ ಅನ್ನುವವರು ಇದನ್ನು ಯೋಚಿಸಲ್ಲ. ನಿಮ್ಮ ಡಬ್ಬಿಯಿಂದ ನನ್ನ ಮಗನ ಹೊಟ್ಟೆ ಖಾಲಿ ಇರುತ್ತದೆ.

ನಿಯಮ ಬಂದ ಮೇಲೆ ಮನೆಯಲ್ಲಿ ಹಟ ನಿಂತಿತು. ಚಿಪ್ಸ್ ಬೇಕು ಅಂದರೆ ‘ಮಿಸ್ ಬೈಯುತ್ತಾರೆ ಕಣೋ’ ಅಂದರೆ ಸಾಕು. ಅಪ್ಪ ಅಮ್ಮನ ಮಾತಿಗಿಂತ ಮಿಸ್ ಮಾತಿಗೆ ಬೆಲೆ ಜಾಸ್ತಿ, ಅದು ನಮಗೂ ಗೊತ್ತಿರುವ ವಿಷಯವೇ.

ಸರ್ಕಾರದ್ದೂ ನಿಯಮ ಇದೆ. ಆಹಾರ ಸುರಕ್ಷತಾ ಪ್ರಾಧಿಕಾರ, ಅದೇ ಎಫ್‌ಎಸ್‌ಎಸ್‌ಎಐ, 2020ರಲ್ಲೇ ಮಾಡಿದೆ. ಕೊಬ್ಬು, ಉಪ್ಪು, ಸಕ್ಕರೆ ಜಾಸ್ತಿ ಇರುವ ತಿಂಡಿಯನ್ನು ಶಾಲೆಯ ಒಳಗೂ ಗೇಟಿನಿಂದ 50 ಮೀಟರ್ ಒಳಗೂ ಮಾರುವ ಹಾಗಿಲ್ಲ. ಜಾಹೀರಾತೂ ಹಾಕುವ ಹಾಗಿಲ್ಲ. ಹೀಗಿರುವಾಗ ಮನೆಯಿಂದ ತರುವುದಕ್ಕೆ ಮಾತ್ರ ಯಾಕೆ ವಿನಾಯಿತಿ?

ಮಿಸ್ ಮಾಡಿದ್ದು ಸ್ವಲ್ಪ ಕಠಿಣ ಆಯಿತು, ಒಪ್ಪುತ್ತೇನೆ. ಆದರೆ ಇನ್ನು ಆ ಕ್ಲಾಸಿನಲ್ಲಿ ಯಾರೂ ನೂಡಲ್ಸ್ ತರಲ್ಲ, ನೋಡಿ ಬೇಕಾದರೆ.

ನೈಟ್‌ಡ್ಯೂಟಿ (ಬೆಂಗಳೂರು)

ತುಮಕೂರಿನ ಅಪ್ಪ ಅವರೇ, ಆ 50 ಮೀಟರ್ ನಿಯಮ ಮಾರುವವರಿಗೆ. ಅಂಗಡಿಗೆ, ಕ್ಯಾಂಟೀನಿಗೆ, ಕಂಪನಿಗಳಿಗೆ. ಮನೆಯ ಡಬ್ಬಿ ತೆಗೆದು ನೋಡಿ ಅಂತ ಅದರಲ್ಲಿ ಎಲ್ಲೂ ಇಲ್ಲ. ನಿಮ್ಮ ಶಾಲೆಯ ಗೇಟಿನ ಎದುರು ಅಂಗಡಿ ಇದೆಯಾ? ಅಲ್ಲಿ ಬಣ್ಣಬಣ್ಣದ ಪ್ಯಾಕೆಟ್ ಮಾಲೆ ನೇತಾಡುತ್ತಿದೆಯಾ? ಯಾರಾದರೂ ಹೋಗಿ ಚೀಟಿ ಅಂಟಿಸಿದರಾ? ಇಲ್ಲ ಅಲ್ವಾ. ಅಂಗಡಿಯವನನ್ನು ಕೇಳುವುದು ಕಷ್ಟ, ಏಳು ವರ್ಷದ ಮಗುವಿನ ಕೈಯಿಂದ ಡಬ್ಬಿ ಕಿತ್ತುಕೊಳ್ಳುವುದು ಸುಲಭ.

ನಾನು ನರ್ಸ್. ರಾತ್ರಿ ಪಾಳಿ ಇದ್ದ ದಿನ ಮನೆ ತಲುಪುವಾಗ ಎಂಟೂವರೆ, ಶಾಲೆಯ ವ್ಯಾನ್ ಏಳೂ ಮುಕ್ಕಾಲಿಗೇ ಹೋಗಿರುತ್ತದೆ. ಆ ದಿನಗಳಲ್ಲಿ ಡಬ್ಬಿ ಕಟ್ಟುವುದು ಮಕ್ಕಳ ಅಪ್ಪ. ಅವರಿಗೆ ಬರುವುದು ಬ್ರೆಡ್ ಜಾಮ್, ಆಮ್ಲೆಟ್, ನೂಡಲ್ಸ್. ನಾನು ಕಲಿಸುತ್ತಿದ್ದೇನೆ, ಅವರೂ ಕಲಿಯುತ್ತಿದ್ದಾರೆ, ಮೊನ್ನೆ ಚಿತ್ರಾನ್ನ ಮಾಡಿದ್ದಾರೆ, ಒಗ್ಗರಣೆ ಸೀದಿತ್ತು, ಆದರೂ ಮಕ್ಕಳು ತಿಂದವು. ಆದರೆ ಒಂದು ದಿನ ನೂಡಲ್ಸ್ ಹೋಯಿತು ಅಂತ ನನ್ನ ಮಗು ಎಲ್ಲರ ಮುಂದೆ ಹಸಿದು ಕೂರಬೇಕಾ?

ಗ್ರೂಪಿನಲ್ಲಿ ಬೆಳಗ್ಗೆ ಬೆಳಗ್ಗೆ ಸಿರಿಧಾನ್ಯದ ಪ್ಯಾನ್‌ಕೇಕ್ ಮೇಲೆ ದಾಳಿಂಬೆ ಉದುರಿಸಿ ಫೋಟೋ ಹಾಕುತ್ತಾರಲ್ಲ, ಅವರ ಮೇಲೆ ನನಗೆ ಸಿಟ್ಟಿಲ್ಲ. ಅವರ ಮನೆಯಲ್ಲಿ ಅಡುಗೆಯವರು ಇದ್ದಾರೆ, ಇರಲಿ. ಅದನ್ನೇ ಎಲ್ಲರಿಗೂ ಅಳತೆ ಮಾಡಬೇಡಿ ಅಷ್ಟೇ.

ಇನ್ನೊಂದು. ನಮ್ಮ ಶಾಲೆಯಲ್ಲೂ ಇಂಥದ್ದೇ ಪಟ್ಟಿ ಇದೆ. ಆದರೆ ಯಾರದ್ದಾದರೂ ಬರ್ತ್‌ಡೇ ಇದ್ದರೆ ಕ್ಲಾಸ್ ಪೂರ್ತಿಗೆ ಚಾಕೊಲೇಟ್, ಕೆಲವರು ಕೇಕ್ ಕೂಡ ತರುತ್ತಾರೆ. ಒಂದೇ ತಿಂಗಳಲ್ಲಿ ನಾಲ್ಕೈದು ಬರ್ತ್‌ಡೇ ಬಂದಿದ್ದೂ ಇದೆ. ಶಾಲೆಯ ವಾರ್ಷಿಕೋತ್ಸವದ ದಿನ ಪಫ್, ಟೆಟ್ರಾಪ್ಯಾಕ್ ಜ್ಯೂಸ್. ಸರಿಯಾದ ಉತ್ತರ ಕೊಟ್ಟರೆ ಮಿಸ್ ಕೊಡುವುದೂ ಚಾಕೊಲೇಟೇ. ಅದಕ್ಕೆ ಚೀಟಿ ಅಂಟಿಸುವವರು ಯಾರು?

ಕಡಲತಡಿ (ಮಂಗಳೂರು)

ನಾನು ಬೇರೆ ವಿಷಯ ಎತ್ತುತ್ತೇನೆ, ಜಗಳ ಬೇಡ.

ನಮ್ಮ ಮಕ್ಕಳ ಹಿಂದಿನ ಶಾಲೆಯ ‘ಆರೋಗ್ಯಕರ ಊಟ’ದ ಪಟ್ಟಿಯಲ್ಲಿ ಏನೇನು ತರಬಾರದು ಅಂತ ಬರೆದಿದ್ದರು. ಚಿಪ್ಸ್, ನೂಡಲ್ಸ್, ತಂಪು ಪಾನೀಯ. ಸರಿ. ಅದೇ ಸಾಲಿನಲ್ಲಿ ಮೊಟ್ಟೆ, ಮೀನು, ಮಾಂಸ! ಮೊಟ್ಟೆಗೂ ಚಿಪ್ಸಿಗೂ ಏನು ಸಂಬಂಧ ಮಾರಾಯ್ರೆ? ಕೇಳಿದರೆ ‘ವಾಸನೆ ಬರುತ್ತದೆ, ಬೇರೆ ಮಕ್ಕಳಿಗೆ ತೊಂದರೆ’ ಅಂದರು. ಹಾಗಾದರೆ ‘ನಮ್ಮ ಶಾಲೆಯಲ್ಲಿ ಸಸ್ಯಾಹಾರ ಮಾತ್ರ’ ಅಂತ ನೇರವಾಗಿ ಬರೆಯಿರಿ. ಆರೋಗ್ಯದ ಹೆಸರಲ್ಲಿ ಯಾಕೆ?

ನೀರ್ ದೋಸೆಗೆ ನಿನ್ನೆಯ ಮೀನುಸಾರು ಹಾಕಿಕೊಂಡು ತಿಂದು ಬೆಳೆದ ಹುಡುಗ, ಡಬ್ಬಿಯಲ್ಲಿ ಬೇಯಿಸಿದ ಮೊಟ್ಟೆಯನ್ನು ಕೈ ಅಡ್ಡ ಇಟ್ಟುಕೊಂಡು ತಿನ್ನುತ್ತಿದ್ದ. ತಾನು ತಿನ್ನುವುದು ಕೆಟ್ಟದ್ದು ಅಂತ ಅವನ ತಲೆಗೆ ಹೋಗಿತ್ತು. ಅದೇ ಕ್ಲಾಸಿನಲ್ಲಿ ಜಾಮ್ ಹಚ್ಚಿದ ಬ್ರೆಡ್ಡಿಗೆ ಯಾವ ತಕರಾರೂ ಇರಲಿಲ್ಲ, ಯಾಕೆಂದರೆ ಅದು ವೆಜ್.

ಅದಕ್ಕೇ ಕಾವೇರಿತೀರ ಅಕ್ಕ, ಮೀಟಿಂಗಿನಲ್ಲಿ ಮೊದಲು ಕೇಳಿ, ಈ ಪಟ್ಟಿ ಮಾಡಿದವರು ಯಾರು? ಯಾವುದನ್ನು ಯಾಕೆ ಸೇರಿಸಿದರು? ಇಲ್ಲದಿದ್ದರೆ ಇವತ್ತು ನೂಡಲ್ಸ್, ನಾಳೆ ನಮ್ಮ ಮನೆಯ ಊಟ.

ಊರಹೊರಗಿನ ಬೈಕ್

ನಮ್ಮ ಕಾಲದಲ್ಲಿ ಡಬ್ಬಿಯೇ ಇರಲಿಲ್ಲ, ಇಂಟರ್‌ವಲ್ ಬೆಲ್ ಹೊಡೆದರೆ ಗೇಟ್ ಹೊರಗೆ ಉಪ್ಪು ಖಾರ ಹಾಕಿದ ನೆಲ್ಲಿಕಾಯಿ, ಬಾರೆಹಣ್ಣು. ಏನೂ ಆಗಿಲ್ಲ ನಮಗೆ. ಸುಮ್ನೆ ಇಷ್ಟು ದೊಡ್ಡದು ಮಾಡುತ್ತೀರಿ ನೀವೆಲ್ಲ.

ನೈಟ್‌ಡ್ಯೂಟಿ (ಬೆಂಗಳೂರು)

ನೆಲ್ಲಿಕಾಯಿ ತಿಂದವರಿಗೆ ಏನೂ ಆಗಲ್ಲ ಬಿಡಿ ಸರ್. 😄 ಈಗ ಗೇಟಿನ ಹೊರಗೆ ಅದು ಸಿಗಲ್ಲ, ಅದೇ ತೊಂದರೆ.

ಬಿಸಿಯೂಟದ ಟೀಚರ್ (ಹಾವೇರಿ ಕಡೆ)

ನಾನು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಟೀಚರ್. ನಿಮ್ಮ ಜಗಳ ಓದುತ್ತಾ ನಗು ಬಂತು, ತಪ್ಪು ತಿಳಿಯಬೇಡಿ. ನಮ್ಮಲ್ಲಿ ಈ ತಂಟೆಯೇ ಇಲ್ಲ. ಯಾರಿಗೂ ಡಬ್ಬಿ ಇಲ್ಲ. ಎಲ್ಲರಿಗೂ ಒಂದೇ ಅನ್ನ, ಒಂದೇ ಸಾಂಬಾರು. 2002ರಲ್ಲಿ ಈಶಾನ್ಯ ಕರ್ನಾಟಕದ ಜಿಲ್ಲೆಗಳಲ್ಲಿ ಅಕ್ಷರ ದಾಸೋಹದ ಬಿಸಿಯೂಟ ಶುರುವಾಯಿತು, ಆಮೇಲೆ ರಾಜ್ಯಕ್ಕೆಲ್ಲ ಬಂತು. 2013ರಿಂದ ಕ್ಷೀರಭಾಗ್ಯದ ಹಾಲು. 2024ರಲ್ಲಿ ಆ ಹಾಲಿಗೆ ವಾರದಲ್ಲಿ ಮೂರು ದಿನ ರಾಗಿ ಮಾಲ್ಟ್ ಹಾಕಲು ಶುರು ಮಾಡಿದರು.

ಕಡಲತಡಿ ಅವರು ಮೊಟ್ಟೆ ವಿಷಯ ಎತ್ತಿದರಲ್ಲ. ನಮ್ಮಲ್ಲೂ ಬಿಸಿಯೂಟದ ಜೊತೆ ಮೊಟ್ಟೆ ಕೊಡಲು ಶುರು ಮಾಡಿದಾಗ ದೊಡ್ಡ ಗಲಾಟೆ ಆಗಿತ್ತು. ಮಠಾಧೀಶರು ವಿರೋಧ ಮಾಡಿದರು, ಪೇಪರಿನಲ್ಲಿ ದಿನಾ ಅದೇ ಸುದ್ದಿ. ಶಾಲೆಯೊಳಗೆ ಏನಾಯಿತು ಗೊತ್ತೇ? ಮೊಟ್ಟೆ ತಿನ್ನುವವರು ಆ ಕಡೆ ಸಾಲು, ಬಾಳೆಹಣ್ಣು ತಿನ್ನುವವರು ಈ ಕಡೆ ಸಾಲು. ಎರಡು ದಿನದಲ್ಲಿ ಮಕ್ಕಳಿಗೆ ಅದು ಮಾಮೂಲಿ ಆಯಿತು. ನಮ್ಮ ಶಾಲೆಯಲ್ಲಿ ಮೊಟ್ಟೆ ಸಾಲೇ ಉದ್ದ. 2024ರ ಸೆಪ್ಟೆಂಬರ್‌ನಿಂದ ಅಜೀಂ ಪ್ರೇಮ್‌ಜಿ ಫೌಂಡೇಶನ್ ನೆರವಿನಿಂದ ವಾರದ ಆರೂ ದಿನ ಕೊಡುವಂತಾಯಿತು. ಮೊದಲು ಚಿಕ್ಕಿಯೂ ಇತ್ತು, 2025ರಲ್ಲಿ ಅದನ್ನು ನಿಲ್ಲಿಸಿದರು. ಸಕ್ಕರೆ, ಕೊಬ್ಬು ಜಾಸ್ತಿ ಅಂತ. ಶೇಂಗಾ ಚಿಕ್ಕಿ ಒಳ್ಳೆಯದು ಅಂತ ನಾವೇ ಹೇಳಿ ಹೇಳಿ ತಿನ್ನಿಸಿದ್ದೆವು!

ಹಾಗಂತ ನಮ್ಮ ಮಕ್ಕಳು ಪ್ಯಾಕೆಟ್ ತಿನ್ನಲ್ಲ ಅಂತಲ್ಲ. ಬೆಳಗ್ಗೆ ತಂದೆ ತಾಯಿ ಹೊಲಕ್ಕೋ ಕೂಲಿಗೋ ಹೋಗುವ ಗಡಿಬಿಡಿಯಲ್ಲಿ ಕೈಗೆ ಐದು ರೂಪಾಯಿ ಕೊಡುತ್ತಾರೆ. ಮಗು ಅಂಗಡಿಗೆ ಹೋಗಿ ಉಬ್ಬಿದ ಪ್ಯಾಕೆಟ್ ಒಂದು ತಗೊಂಡು ಬರುತ್ತದೆ. ಅದೇ ಅದರ ನಾಷ್ಟಾ. ಪ್ರಾರ್ಥನೆಗೆ ನಿಂತಾಗ ಬೆರಳೆಲ್ಲ ಕೆಂಪು ಕೆಂಪು, ಮಸಾಲೆ ಪುಡಿ. ನಾನು ಅದನ್ನು ಕಿತ್ತುಕೊಂಡರೆ ಊಟದ ಹೊತ್ತಿನವರೆಗೆ ಆ ಮಗುವಿನ ಹೊಟ್ಟೆಯಲ್ಲಿ ಏನೂ ಇರಲ್ಲ. ಹಾಗಾಗಿ ಕಿತ್ತುಕೊಳ್ಳಲ್ಲ. ಸಂಜೆ ತಾಯಿ ಸಿಕ್ಕಾಗ ಹೇಳುತ್ತೇನೆ, ‘ಯವ್ವಾ, ಆ ಐದು ರೂಪಾಯಿ ಉಳಿಸು, ರಾತ್ರಿಯ ರೊಟ್ಟಿಗೆ ಶೇಂಗಾ ಚಟ್ನಿ ಹಚ್ಚಿ ಕೊಡು’ ಅಂತ. ಕೆಲವರು ಕೇಳುತ್ತಾರೆ. ಕೆಲವರು ಹ್ಞೂಂ ಅಂದು ಹೋಗುತ್ತಾರೆ.

ಆ ಮಿಸ್ ಮಾಡಿದ್ದು ನನಗಂತೂ ಸರಿ ಕಾಣಲಿಲ್ಲ. ಟೀಚರ್ ಆಗಿ ಹೇಳುತ್ತಿದ್ದೇನೆ. ಡಬ್ಬಿ ತಂದವನು ಹುಡುಗ, ಕಟ್ಟಿದವರು ದೊಡ್ಡವರು. ದೊಡ್ಡವರ ಹತ್ತಿರ ಮಾತಾಡಬೇಕು. ಡೈರಿ ಇರುವುದು ಯಾಕೆ?

ಹೋಮ್‌ಸೈನ್ಸ್ ಧಾರವಾಡ

ಎಲ್ಲರದ್ದೂ ಓದಿದೆ. ನಾನು ಕಾಲೇಜಿನಲ್ಲಿ ಆಹಾರ ವಿಜ್ಞಾನ ಪಾಠ ಮಾಡಿದವಳು, ಈಗ ನಿವೃತ್ತಿ. ಯಾರ ಪರವೂ ಅಲ್ಲ, ಕೆಲವು ವಿಷಯ ಹೇಳುತ್ತೇನೆ.

ಮೊದಲು ಅತ್ತೆಯ ಕೋಡುಬಳೆ. ಅತ್ತೆಯ ಮಾತಿನಲ್ಲಿ ಅರ್ಧ ಸತ್ಯ ಇದೆ. ಮನೆಯಲ್ಲಿ ಹೊಸ ಎಣ್ಣೆಯಲ್ಲಿ ಕರಿಯುತ್ತಾರೆ, ಮಿಕ್ಕಿದ್ದನ್ನು ಒಗ್ಗರಣೆಗೆ ಹಾಕಿ ಮುಗಿಸುತ್ತಾರೆ. ಹೊರಗೆ ಅದೇ ಎಣ್ಣೆ ಮತ್ತೆ ಮತ್ತೆ ಕುದಿಯುತ್ತದೆ. ಕಾದು ಕಾದು ಕೆಟ್ಟ ಎಣ್ಣೆ ಬಳಸಬಾರದು ಅಂತ 2018ರಿಂದಲೇ ಮಿತಿ ಇದೆ, ಆದರೆ ಬೀದಿ ಬಾಣಲೆಯನ್ನು ದಿನಾ ಅಳೆಯುವವರು ಯಾರು? ಬಣ್ಣದ್ದೂ ಇದೇ ಕಥೆ. 2024ರ ಮಾರ್ಚ್‌ನಲ್ಲಿ ನಮ್ಮ ಸರ್ಕಾರ ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕಬಾರದು ಅಂತ ಆದೇಶ ಮಾಡಿತು, ಬಣ್ಣದ ಬಾಂಬೆ ಮಿಠಾಯಿಯನ್ನೂ ನಿಲ್ಲಿಸಿತು. ಬಟ್ಟೆಗೆ ಹಾಕುವ ರೋಡಮೈನ್-ಬಿ ಅದರಲ್ಲಿ ಸಿಕ್ಕಿತ್ತು. ಅಂಥದ್ದು ನಿಮ್ಮ ಅತ್ತೆಯ ಅಡುಗೆಮನೆಯಲ್ಲಿ ಇಲ್ಲ. ಆದರೆ ದಿನಾ ಕರಿದದ್ದು ಕೊಟ್ಟರೆ ಎಣ್ಣೆ ಎಣ್ಣೆಯೇ, ಉಪ್ಪು ಉಪ್ಪೇ. ಕೋಡುಬಳೆ ವಾರಕ್ಕೊಂದು ದಿನ ಇರಲಿ. ಮಿಕ್ಕ ದಿನ ಹುರಿದ ಕಡಲೆಕಾಯಿ, ಬೆಲ್ಲ, ಒಂದು ಹಣ್ಣು. ಅತ್ತೆಗೆ ತಂಬಿಟ್ಟು ಮಾಡಲು ಹೇಳಿ, ಅವರ ಕೈಗೆ ಕೆಲಸವೂ ಆಯಿತು, ಸಿಟ್ಟೂ ಇಳಿಯುತ್ತದೆ.

ಎರಡನೆಯದು ಸಕ್ಕರೆ. ಜಾಮ್‌ನಲ್ಲಿ ಅರ್ಧಕ್ಕಿಂತ ಜಾಸ್ತಿ ಸಕ್ಕರೆಯೇ. ಹಣ್ಣಿನ ಚಿತ್ರ ನೋಡಿ ಮೋಸ ಹೋಗಬೇಡಿ. ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿದ್ದು, ಮೇಲಿಂದ ಹಾಕುವ ಸಕ್ಕರೆಯಿಂದ ಬರುವ ಶಕ್ತಿ ದಿನದ ಒಟ್ಟಿನಲ್ಲಿ ನೂರಕ್ಕೆ 10 ದಾಟಬಾರದು, 5ರ ಒಳಗಿದ್ದರೆ ಇನ್ನೂ ಒಳ್ಳೆಯದು. ದೊಡ್ಡವರಿಗೆ ಆ 5 ಅಂದರೆ ಸುಮಾರು 25 ಗ್ರಾಂ, ಆರು ಚಮಚ. ಮಕ್ಕಳಿಗೆ ಇನ್ನೂ ಕಡಿಮೆ. ಸಿಬಿಎಸ್‌ಇ 2025ರ ಮೇ ತಿಂಗಳಲ್ಲಿ ತನ್ನ ಶಾಲೆಗಳಿಗೆಲ್ಲ ‘ಶುಗರ್ ಬೋರ್ಡ್’ ಹಾಕಿ ಅಂತ ಹೇಳಿತು. ಯಾವುದರಲ್ಲಿ ಎಷ್ಟು ಸಕ್ಕರೆ ಅಂತ ಮಕ್ಕಳಿಗೇ ಕಾಣುವ ಹಾಗೆ. ನಾಲ್ಕರಿಂದ ಹತ್ತು ವರ್ಷದ ಮಕ್ಕಳ ದಿನದ ಕ್ಯಾಲೊರಿಯಲ್ಲಿ ನೂರಕ್ಕೆ 13 ಭಾಗ ಸಕ್ಕರೆಯಿಂದಲೇ ಬರುತ್ತಿದೆ ಅಂತ ಆ ಸುತ್ತೋಲೆಯಲ್ಲೇ ಬರೆದಿದ್ದರು. ಮಕ್ಕಳಿಗೆ ಇದು ಇಷ್ಟವಾಗುತ್ತದೆ. ನನ್ನ ಮೊಮ್ಮಗಳು ಪ್ಯಾಕೆಟ್ ತಿರುಗಿಸಿ ಹಿಂದೆ ಓದಿ ‘ಅಜ್ಜಿ, ಇದರಲ್ಲಿ ನಾಲ್ಕು ಚಮಚ’ ಅಂತ ನನಗೇ ಪಾಠ ಮಾಡುತ್ತಾಳೆ. ಓದುವಾಗ ಒಂದು ನೋಡಿಕೊಳ್ಳಿ, ದೊಡ್ಡಕ್ಷರದಲ್ಲಿ ಬರೆದಿರುವುದು 100 ಗ್ರಾಂಗಾ, ಪೂರ್ತಿ ಪ್ಯಾಕೆಟ್ಟಿಗಾ, ಇಲ್ಲಾ ‘ಒಂದು ಸರ್ವಿಂಗ್’ಗಾ ಅಂತ. ಅಲ್ಲೇ ಆಟ ಇರುವುದು.

ಮೂರನೆಯದು ಹಾಲಿಗೆ ಹಾಕುವ ಪುಡಿಗಳು. ನೂಡಲ್ಸ್ ಅಂದರೆ ಹೌಹಾರುವ ಎಷ್ಟೋ ಮನೆಗಳಲ್ಲಿ ಬೆಳಗ್ಗೆ ಎರಡು ಚಮಚ, ಸಂಜೆ ಎರಡು ಚಮಚ ಅದು ಇದ್ದೇ ಇರುತ್ತದೆ. 2024ರ ಏಪ್ರಿಲ್‌ನಲ್ಲಿ ಕೇಂದ್ರ ವಾಣಿಜ್ಯ ಸಚಿವಾಲಯ ಆನ್‌ಲೈನ್ ಅಂಗಡಿಗಳಿಗೆ, ಇವನ್ನೆಲ್ಲ ‘ಹೆಲ್ತ್ ಡ್ರಿಂಕ್’ ಅನ್ನುವ ವಿಭಾಗದಿಂದ ತೆಗೆಯಿರಿ ಅಂತ ಹೇಳಬೇಕಾಯಿತು. ಹಾಗನ್ನುವ ಒಂದು ವರ್ಗವೇ ನಮ್ಮ ಆಹಾರ ಕಾನೂನಿನಲ್ಲಿ ಇಲ್ಲ. ರಾಗಿ ಹುರಿಹಿಟ್ಟು ಹಾಲಿಗೆ ಹಾಕಿ. 100 ಗ್ರಾಂ ರಾಗಿಯಲ್ಲಿ 340 ಮಿಲಿಗ್ರಾಂಗಿಂತ ಜಾಸ್ತಿ ಕ್ಯಾಲ್ಸಿಯಂ ಇದೆ.

ಪಟ್ಟಿ ಮಾಡುವುದಾದರೆ ಇಷ್ಟನ್ನು ನೋಡಿ ಮಾಡಬೇಕು. ಬೇಕರಿಯದ್ದು ಅಂತ ಬ್ರೆಡ್, ಪಫ್ ಎರಡನ್ನೂ ಒಂದೇ ಗೆರೆಯಲ್ಲಿ ಬರೆಯುವುದು, ಮೊಟ್ಟೆಯನ್ನು ಚಿಪ್ಸ್ ಜೊತೆ ಬರೆಯುವುದು, ಅದರಲ್ಲಿ ವಿಜ್ಞಾನ ಇಲ್ಲ.

ತುಮಕೂರಿನ ಅಪ್ಪ

ಮೇಡಂ, ನಿಮ್ಮ ಮಾತು ಕೇಳಲು ಚೆನ್ನಾಗಿದೆ. ಆದರೆ 40 ಡಬ್ಬಿ ಇರುವ ಕ್ಲಾಸಿನಲ್ಲಿ ಒಬ್ಬರು ಮಿಸ್ ಯಾವುದರಲ್ಲಿ ಎಷ್ಟು ಚಮಚ ಅಂತ ಲೆಕ್ಕ ಹಾಕಿ ಕೂರಲು ಆಗುತ್ತದಾ? ಅವರಿಗೆ ಬೇಕಿರುವುದು ಸರಳ ಗೆರೆ. ಪ್ಯಾಕೆಟ್ ಒಡೆದು ಹಾಕಿದ್ದು ಬೇಡ, ಅಷ್ಟೇ. ಸ್ವಲ್ಪ ಅನ್ಯಾಯ ಆದರೂ ಸರಿ, ಎಲ್ಲರಿಗೂ ಅರ್ಥ ಆಗುತ್ತದೆ.

ನೈಟ್‌ಡ್ಯೂಟಿ ಅವರೇ, ನಿಮ್ಮ ಕಷ್ಟ ನಿಜ. ಬರ್ತ್‌ಡೇ ಚಾಕೊಲೇಟ್ ಮಾತು ನೂರಕ್ಕೆ ನೂರು ಒಪ್ಪಿದೆ. ನಮ್ಮಲ್ಲಿ ಅದನ್ನೂ ನಿಲ್ಲಿಸಿ ಪೆನ್ಸಿಲ್ ಕೊಡಿಸುತ್ತಾರೆ. ಆದರೆ ನಿಯಮ ಒಬ್ಬರಿಗಾಗಿ ಸಡಿಲ ಮಾಡಿದರೆ ಮರುದಿನ ಎಲ್ಲರಿಗೂ ನೈಟ್ ಡ್ಯೂಟಿಯೇ.

ನೈಟ್‌ಡ್ಯೂಟಿ (ಬೆಂಗಳೂರು)

ಸಡಿಲ ಮಾಡಿ ಅಂತ ನಾನು ಕೇಳಲಿಲ್ಲ ಸರ್. ಮಗು ಹಸಿದು ಕೂರದಿರಲಿ ಅಂದೆ. ಎರಡೂ ಬೇರೆ ಬೇರೆ.

ಮತ್ತೆ ಯಾರೂ ಹೇಳದ ಒಂದು ವಿಷಯ, ಹೊತ್ತು. ನನ್ನ ಮಗನಿಗೆ ಸಣ್ಣ ಬ್ರೇಕ್ ಹತ್ತು ನಿಮಿಷ, ಊಟದ ಬ್ರೇಕ್ ಇಪ್ಪತ್ತು ನಿಮಿಷ. ಅದರಲ್ಲೇ ಕೈ ತೊಳೆಯುವ ಕ್ಯೂ, ಬಾತ್‌ರೂಮ್, ಆಟ. ಬೆಳಗ್ಗೆ ಏಳಕ್ಕೆ ಕಟ್ಟಿದ ಚಪಾತಿ ಹನ್ನೆರಡೂವರೆಗೆ ಚರ್ಮದ ಹಾಗೆ ಆಗಿರುತ್ತದೆ, ಅಗಿದು ನುಂಗುವಷ್ಟರಲ್ಲಿ ಬೆಲ್. ಮಕ್ಕಳು ಬಿಸ್ಕತ್ತು ಕೇಳುವುದು ರುಚಿಗೆ ಮಾತ್ರ ಅಲ್ಲ, ಬೇಗ ಮುಗಿದು ಆಟಕ್ಕೆ ಓಡಬಹುದು ಅಂತ. ನಾನು ಕೇಳಿ ನೋಡಿದ್ದೇನೆ, ಅವನೇ ಹೇಳಿದ. ಊಟಕ್ಕೆ ಇನ್ನೊಂದು ಹದಿನೈದು ನಿಮಿಷ ಜಾಸ್ತಿ ಕೊಟ್ಟರೆ ಎಷ್ಟೋ ಡಬ್ಬಿ ಖಾಲಿಯಾಗಿ ಬರುತ್ತದೆ. ಅದನ್ನು ಯಾವ ಸರ್ಕ್ಯುಲರ್‌ನಲ್ಲೂ ಬರೆಯಲ್ಲ.

ಕಾವೇರಿತೀರ (ಮೈಸೂರು)

ಇಷ್ಟು ಜನ ಬರೆಯುತ್ತೀರಿ ಅಂದುಕೊಂಡಿರಲಿಲ್ಲ. ನಿನ್ನೆ ಮೀಟಿಂಗ್ ಮುಗಿಯಿತು, ಹೇಳಿಬಿಡುತ್ತೇನೆ.

ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಿದ್ದೆ. ನಿಯಮ ಇರಲಿ, ಆದರೆ ಡಬ್ಬಿಯಲ್ಲಿ ಏನೇ ಇದ್ದರೂ ಆ ದಿನ ಮಗು ತಿನ್ನಲಿ, ಮಾತು ಡೈರಿಯಲ್ಲಿ ಆಗಲಿ ಅಂತ ಮೊದಲ ಸಾಲು. ಇದು ಟೀಚರ್ ಅವರ ಮಾತೇ. ಬರ್ತ್‌ಡೇ ಚಾಕೊಲೇಟ್, ಮಿಸ್ ಕೊಡುವ ಚಾಕೊಲೇಟ್ ಎರಡೂ ನಿಲ್ಲಲಿ ಅಂತಲೂ ಬರೆದೆ. ಊಟದ ಹೊತ್ತಿನ ಬಗ್ಗೆ ಬರೆದಾಗ ಮುಖ್ಯೋಪಾಧ್ಯಾಯಿನಿ ತಲೆ ಎತ್ತಿ ನೋಡಿದರು.

ಮಗುವಿಗೆ ತಿನ್ನಲು ಬಿಡುವ ಮಾತನ್ನು ಒಪ್ಪಿದರು. ಚಾಕೊಲೇಟ್ ವಿಷಯಕ್ಕೆ ಪೇರೆಂಟ್ಸ್ ನಡುವೆಯೇ ಗಲಾಟೆ ಆಯಿತು. ಮೊದಲು ‘ಜಂಕ್ ಬೇಡವೇ ಬೇಡ’ ಅನ್ನುತ್ತಿದ್ದ ಒಬ್ಬರು ‘ವರ್ಷಕ್ಕೊಂದು ಸಲ ನಮ್ಮ ಮಗುವಿನ ಸಂತೋಷ’ ಅಂತ ಪ್ಲೇಟ್ ಬದಲಿಸಿದರು. ಅದು ಇನ್ನೂ ತೀರ್ಮಾನ ಆಗಿಲ್ಲ. ಊಟದ ಹೊತ್ತು ‘ಟೈಮ್‌ಟೇಬಲ್ ನೋಡಿ ಹೇಳುತ್ತೇವೆ’. ಅಂದರೆ ಆಗಲ್ಲ ಅಂತ ಇಟ್ಟುಕೊಳ್ಳಿ. ಗೇಟಿನ ಎದುರಿನ ಅಂಗಡಿ ಬಗ್ಗೆ ಕೇಳಿದರೆ ‘ಅದು ನಮ್ಮ ಕೈಯಲ್ಲಿಲ್ಲ, ನೀವು ದೂರು ಕೊಡಿ’ ಅಂದರು. ಇಬ್ಬರು ಅಪ್ಪಂದಿರು ಬರೆದು ಕೊಡುತ್ತೇವೆ ಅಂದಿದ್ದಾರೆ, ನೋಡೋಣ.

ಮೊಟ್ಟೆ ವಿಷಯ ನಾನು ಎತ್ತಲಿಲ್ಲ ಕಡಲತಡಿ ಅವರೇ, ನಮ್ಮ ಪಟ್ಟಿಯಲ್ಲಿ ಅದು ಇರಲಿಲ್ಲ. ಎತ್ತಿದರೆ ಹೊಸದಾಗಿ ಸೇರಿಸಿಬಿಟ್ಟಾರು ಅಂತ ಭಯ ಆಯಿತು.

ಆ ಹುಡುಗನ ಅಮ್ಮನೂ ಬಂದಿದ್ದರು. ಅವತ್ತು ಅವರ ಮನೆಯಲ್ಲಿ ಗ್ಯಾಸ್ ಮುಗಿದಿತ್ತಂತೆ, ಇಂಡಕ್ಷನ್ ಒಲೆಯ ಮೇಲೆ ಹತ್ತು ನಿಮಿಷದಲ್ಲಿ ಆಗುವುದು ಅದೊಂದೇ. ಗ್ರೂಪಿನಲ್ಲಿ ಅಷ್ಟು ಬರೆದವರಲ್ಲಿ ಒಬ್ಬರೂ ಅವರಿಗೆ ಫೋನ್ ಮಾಡಿ ಕೇಳಿರಲಿಲ್ಲ, ನಾನೂ ಸೇರಿ.

ಅತ್ತೆಗೆ ತಂಬಿಟ್ಟಿನ ಮಾತು ಹೇಳಿದೆ. ‘ಅದನ್ನು ಯಾರೋ ಮೊಬೈಲಲ್ಲಿ ಹೇಳಬೇಕಾ ನನಗೆ’ ಅಂದರು, ಆದರೆ ಮಧ್ಯಾಹ್ನ ಹುರಿಗಡಲೆ ಹುರಿಯುವ ವಾಸನೆ ಬರುತ್ತಿತ್ತು. ನಮ್ಮವರ ವಾರಕ್ಕೊಂದು ಸಲದ ನೂಡಲ್ಸ್ ಭಾನುವಾರ ಸಂಜೆ ಮನೆಯಲ್ಲಿ, ತರಕಾರಿ ಜಾಸ್ತಿ, ಮಸಾಲೆ ಪೊಟ್ಟಣ ಅರ್ಧ ಅಂತ ರಾಜಿ ಆಗಿದೆ.

ತುಮಕೂರಿನ ಅಪ್ಪ

ಗ್ಯಾಸ್ ಮುಗಿದಿದ್ದರೆ ಅವಲಕ್ಕಿ ನೆನೆಸಿ ಕೊಡಬಹುದಿತ್ತು. ಸುಮ್ನೆ ಹೇಳಿದೆ. 🙏

ನೈಟ್‌ಡ್ಯೂಟಿ (ಬೆಂಗಳೂರು)

ನೀವು ಒಂದು ವಾರ ಡಬ್ಬಿ ಕಟ್ಟಿ ನೋಡಿ ಸರ್, ಆಮೇಲೆ ಮಾತಾಡೋಣ.

ಹೋಮ್‌ಸೈನ್ಸ್ ಮೇಡಂ, ಅಕ್ಕಿ ರೊಟ್ಟಿ ಮಧ್ಯಾಹ್ನದವರೆಗೆ ಗಟ್ಟಿ ಆಗದ ಹಾಗೆ ಮಾಡುವುದು ಹೇಗೆ? ನಮ್ಮವರಿಗೆ ಮುಂದಿನ ಪಾಠ ಅದೇ.

ಹೋಮ್‌ಸೈನ್ಸ್ ಧಾರವಾಡ

ಕುದಿಯುವ ನೀರಿನಲ್ಲಿ ಹಿಟ್ಟು ಕಲಸಲು ಹೇಳಿ, ತಣ್ಣೀರಲ್ಲಿ ಬೇಡ. ಒಂದು ಹಿಡಿ ಉಳಿದ ಅನ್ನ ಚೆನ್ನಾಗಿ ಕಿವುಚಿ ಸೇರಿಸಲಿ, ಇಲ್ಲಾ ಸೌತೆಕಾಯಿ ತುರಿದು ನೀರು ಸಮೇತ ಹಾಕಲಿ. ಕಾವಲಿ ಮೇಲೆ ಮುಚ್ಚಳ ಮುಚ್ಚಿ ಬೇಯಿಸಬೇಕು, ಜಾಸ್ತಿ ಗರಿಗರಿ ಮಾಡಬಾರದು. ಬಿಸಿ ಇರುವಾಗಲೇ ಡಬ್ಬಿಗೆ ತುರುಕಿದರೆ ಬೆವರಿ ಮೆತ್ತಗಾಗಿ ಆಮೇಲೆ ಅಂಟುತ್ತದೆ, ಒಂದೆರಡು ನಿಮಿಷ ಆರಲಿ. ಆಮೇಲೆ ತೆಳು ಹತ್ತಿ ಬಟ್ಟೆಯಲ್ಲಿ ಸುತ್ತಿ ಇಡಿ. ಮಗುವಿನ ಕೈಗೆ ಹಿಡಿಸುವಷ್ಟು ಚಿಕ್ಕದಾಗಿ ತಟ್ಟಲಿ, ದೊಡ್ಡದು ತಟ್ಟಿದರೆ ಮುರಿದು ತಿನ್ನಲು ಆ ಇಪ್ಪತ್ತು ನಿಮಿಷ ಸಾಲಲ್ಲ.